ಕಾರ್ಡ್ ಬಿಟ್ಟು ನಾದ ಹಿಡಿದ ಸ್ಯಾಕ್ಸೊಫೋನ್

1960ರ ದಶಕದ ಕೊನೆಯ ಸಾಹಸಿ ಜಾಝ್ ಆಲ್ಬಮ್‌ಗಳಲ್ಲಿ ಸ್ಯಾಕ್ಸೊಫೋನ್ ಕಿರುಚುತ್ತದೆ, ಗುರುಗುಟ್ಟುತ್ತದೆ, ಗೋಳಿಡುತ್ತದೆ. ಜಾನ್ ಕೋಲ್ಟ್ರೇನ್, ಆಲ್ಬರ್ಟ್ ಐಲರ್, ಫೇರೋ ಸ್ಯಾಂಡರ್ಸ್ ಅವರನ್ನು ಮೊದಲ ಸಲ ಕೇಳಿದವರಿಗೆ ಇದು ಕಟ್ಟು ತಪ್ಪಿದ ಸಂಗೀತ ಅನ್ನಿಸುವುದು ಸಹಜ. ಆದರೆ ಈ ಧ್ವನಿ ರೂಪುಗೊಂಡ ದಾರಿಯನ್ನು ಹಿಂಬಾಲಿಸಿದರೆ ತೋರುವುದೇ ಬೇರೆ. ಹಳೆಯ ಕಟ್ಟನ್ನು ಅದರ ತುದಿಯವರೆಗೆ ಕಲಿತ ವಾದಕರೇ, ಅಲ್ಲಿ ಹೇಳುವುದಕ್ಕೆ ಇನ್ನೇನೂ ಉಳಿಯದಾಗ ನಾದದ ಕಡೆಗೆ ತಿರುಗಿದರು.

ಬೀಬಾಪ್ ಎಂಬ ಶೈಲಿಯ ಕಾಲದಿಂದಲೂ ಜಾಝ್ ವಾದಕನ ಜಾಣ್ಮೆಯನ್ನು ಅಳೆಯುತ್ತಿದ್ದದ್ದು ಓಡುವ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಜೋಡಣೆಗಳ, ಮೇಲೆ ಅವನಿಗಿದ್ದ ಹಿಡಿತದಿಂದ. 1959ರಲ್ಲಿ ಧ್ವನಿಮುದ್ರಣಗೊಂಡ ‘ಜಯಂಟ್ ಸ್ಟೆಪ್ಸ್’ನಲ್ಲಿ ಕೋಲ್ಟ್ರೇನ್ ಆ ಪರೀಕ್ಷೆಯನ್ನೇ ಮುಗಿಸಿಬಿಟ್ಟರು, ಅದರ ವೇಗಕ್ಕೆ ಪಿಯಾನೊ ವಾದಕ ಟಾಮಿ ಫ್ಲಾನಗನ್ ಅವರಂಥ ನುರಿತವರೂ ತಡವರಿಸುವುದು ಕೇಳಿಸುತ್ತದೆ. ಅದೇ ವರ್ಷ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಕಾರ್ಡ್‌ಗಳ ಓಟ ತಗ್ಗಿಸಿ ಸ್ವರಶ್ರೇಣಿಯ ಮೇಲೆ ನಿಂತಿತು. ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಪಿಯಾನೊ ಇಲ್ಲದ ತಂಡದೊಂದಿಗೆ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್‌ನಲ್ಲಿ ನುಡಿಸಿ ವಾಗ್ವಾದ ಎಬ್ಬಿಸಿದ್ದೂ ಆಗಲೇ. ಕಾರ್ಡ್ ಹಿಂದೆ ಸರಿದಷ್ಟೂ, ಒಂದೇ ಸ್ವರವನ್ನು ಎಷ್ಟು ಬಗೆಯಲ್ಲಿ ಉಸುರಬಹುದು ಎಂಬ ಪ್ರಶ್ನೆ ಮುಂದೆ ಬಂತು. ಐಲರ್ 1964ರ ‘ಸ್ಪಿರಿಚುವಲ್ ಯೂನಿಟಿ’ಯಲ್ಲಿ ಮಕ್ಕಳೂ ಗುನುಗಬಹುದಾದ ಮಟ್ಟುಗಳನ್ನು ಎತ್ತಿಕೊಂಡು, ಅವು ಶುದ್ಧ ದನಿಯಾಗಿ ಕರಗುವವರೆಗೆ ಊದಿದರು. ಮರುವರ್ಷ ಹನ್ನೊಂದು ವಾದಕರ ‘ಅಸೆನ್ಷನ್’ನಲ್ಲಿ ಕೋಲ್ಟ್ರೇನ್ ಅದೇ ದಾರಿಯನ್ನು ಸಮೂಹಕ್ಕೆ ಹಿಗ್ಗಿಸಿದರು.

ಕಾರ್ಡ್ ಬಿಟ್ಟ ಮೇಲೆ ಉಳಿದಿದ್ದ ಕೊನೆಯ ಕಟ್ಟು ತಾಳದ್ದು. 1967ರ ಫೆಬ್ರುವರಿಯಲ್ಲಿ, ತೀರಿಕೊಳ್ಳುವುದಕ್ಕೆ ಐದು ತಿಂಗಳ ಮುಂಚೆ, ಕೋಲ್ಟ್ರೇನ್ ಡ್ರಮ್ ವಾದಕ ರಶೀದ್ ಅಲಿ ಒಬ್ಬರನ್ನೇ ಜೊತೆಗಿಟ್ಟುಕೊಂಡು ‘ಇಂಟರ್‌ಸ್ಟೆಲ್ಲರ್ ಸ್ಪೇಸ್’ ನುಡಿಸಿದರು. ಅದು ಹೊರಬಂದದ್ದು 1974ರಲ್ಲಿ. ಪಿಯಾನೊ ಇಲ್ಲ, ಬಾಸ್ ಇಲ್ಲ, ಎಣಿಸಿ ತಲೆದೂಗುವ ಲಯವೂ ಇಲ್ಲ. ಆದರೂ ಗ್ರಹಗಳ ಹೆಸರು ಹೊತ್ತ ರಚನೆಗಳಲ್ಲಿ ಕಿರುಗಂಟೆಗಳ ಸದ್ದು ಗಡಿ ಹಾಕುತ್ತದೆ. ನಡುವೆ ಒಂದು ಚಿಕ್ಕ ಸ್ವರಗುಚ್ಛ ಮೇಲಿನ, ಕೆಳಗಿನ ಸ್ಥಾಯಿಗಳಲ್ಲಿ ಮತ್ತೆ ಮತ್ತೆ ಮಗುಚಿಕೊಳ್ಳುತ್ತ ಬೆಳೆಯುತ್ತದೆ.

ಹೀಗೆ ಯಾರು ಬೇಕಾದರೂ ಊದಬಹುದಲ್ಲ ಎಂಬ ಆಕ್ಷೇಪ ಹಳೆಯದು. 1961ರಲ್ಲೇ ‘ಡೌನ್‌ಬೀಟ್’ ಪತ್ರಿಕೆಯ ವಿಮರ್ಶಕ ಜಾನ್ ಟೈನನ್ ಕೋಲ್ಟ್ರೇನ್ ತಂಡದ ಸಂಗೀತಕ್ಕೆ ಜಾಝ್ ವಿರೋಧಿ ಎಂಬ ಹಣೆಪಟ್ಟಿ ಹಚ್ಚಿದ್ದರು. ಆದರೆ ಏಕಕಾಲಕ್ಕೆ ಎರಡು ಮೂರು ಸ್ವರ ಹೊರಡಿಸುವ ಕೌಶಲಕ್ಕೆ ತುಟಿಯ ಬಿಗಿ, ಉಸಿರಿನ ಒತ್ತಡ, ಬೆರಳಿನ ಜೋಡಣೆ ಮೂರೂ ಕೂಡಬೇಕು. ಕೋಲ್ಟ್ರೇನ್ ಅದನ್ನು ‘ಹಾರ್ಮೋನಿಕ್’ ಎಂಬ ರಚನೆಯಲ್ಲಿ ಬಳಸಿದ್ದೂ 1959ರಲ್ಲೇ. ಇದೆಲ್ಲ ಕಪ್ಪು ಜನರ ಸಿಟ್ಟಿನ ಸದ್ದು ಎನ್ನುವ ಇನ್ನೊಂದು ವಾದದಲ್ಲಿ ಅರ್ಧ ಸತ್ಯವಿದೆ. ಸ್ಯಾಕ್ಸೊಫೋನ್ ವಾದಕ ಆರ್ಚಿ ಶೆಪ್ 1965ರ ‘ಫೈರ್ ಮ್ಯೂಸಿಕ್’ನಲ್ಲಿ ಕಪ್ಪು ಜನರ ನಾಯಕ ಮ್ಯಾಲ್ಕಮ್ ಎಕ್ಸ್ ಅವರನ್ನು ನೆನೆದರು. ಆದರೆ ಕೋಲ್ಟ್ರೇನ್ ಅಂತ್ಯಕ್ರಿಯೆಯಲ್ಲಿ ಐಲರ್ ನುಡಿಸಿದ್ದೂ ಇದೇ ಧ್ವನಿಯಲ್ಲಿ. ಸ್ಯಾಂಡರ್ಸ್ ಅವರ 1969ರ ‘ಕರ್ಮ’ದಲ್ಲಿ, ಅರ್ಧ ಗಂಟೆಗೂ ಮೀರಿ ಎಲ್‌ಪಿಯ ಎರಡೂ ಬದಿಗೆ ಹರಿಯುವ ಪ್ರಾರ್ಥನೆಯ ನಡುವೆಯೇ ಆ ಚೀತ್ಕಾರ ಏಳುತ್ತದೆ. ಶೋಕ, ಭಕ್ತಿ, ರೋಷ ಮೂರಕ್ಕೂ ಒದಗಿದ ದನಿಯನ್ನು ಸಿಟ್ಟು ಒಂದಕ್ಕೇ ಕಟ್ಟಿಹಾಕಲಾಗದು.

ಈ ಸಂಗೀತ ಎಲ್ಲರಿಗೂ ಹಿಡಿಸಬೇಕಿಲ್ಲ. ಇದರಲ್ಲೂ ಬರಿಯ ಅಬ್ಬರದ ಗಳಿಗೆಗಳಿವೆ. ಆದರೆ ಕಾರ್ಡ್‌ಗಳ ಓಟವಿಲ್ಲದೆ ಒಂದೇ ಸ್ವರದ ಒಳಹೊರಗನ್ನು ಆಲಿಸಿ ರೂಢಿಯಿರುವ ರಾಗಸಂಗೀತದ ಕೇಳುಗರಿಗೆ ಇದು ತೀರ ಹೊರಗಿನದಾಗಬೇಕಿಲ್ಲ. ಕೋಲ್ಟ್ರೇನ್ ಕೂಡ ಭಾರತೀಯ ಸಂಗೀತವನ್ನು ಆಸಕ್ತಿಯಿಂದ ಕೇಳಿದವರು. ಮಗನಿಗೆ ರವಿಶಂಕರರ ಮೇಲಿನ ಗೌರವದಿಂದ ರವಿ ಎಂದೇ ಹೆಸರಿಟ್ಟವರು. ಹೊಸಬರು ‘ಕರ್ಮ’ದಿಂದ ಆರಂಭಿಸಲಿ, ಆಮೇಲೆ ಐಲರ್, ಕೊನೆಗೆ ‘ಇಂಟರ್‌ಸ್ಟೆಲ್ಲರ್ ಸ್ಪೇಸ್’. ರಾಗ ಹುಡುಕದೆ, ದನಿಯನ್ನು ಹಿಂಬಾಲಿಸಿ.