ಯುದ್ಧದ ಬಂದೂಕ, ಬೇಟೆಯ ಕೋವಿ

ಯುದ್ಧಗಳು ಮುಗಿದ ಮೇಲೆ ಅರಸರ ಹಾಗೂ ಸೇನಾಪತಿಗಳ ಗತಿ ಏನಾಯಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ವಿವರವಾಗಿ ಹೇಳುತ್ತವೆ. ಸಿಪಾಯಿ ಹೊತ್ತಿದ್ದ ಬಂದೂಕದ ಗತಿ ಏನಾಯಿತೆಂದು ಕೇಳುವವರು ಕಡಮೆ. ಎರಡು ಮಹಾಯುದ್ಧಗಳ ಕಾಲದಲ್ಲಿ ಕೋಟಿಗಟ್ಟಲೆ ಬಂದೂಕಗಳು ತಯಾರಾದುವು. ಬ್ರಿಟಿಷ್ ಸಾಮ್ರಾಜ್ಯದ ಲೀ-ಎನ್‌ಫೀಲ್ಡ್ ಜಾತಿಯವೇ ಒಂದೂವರೆ ಕೋಟಿಗೆ ಮಿಕ್ಕಿದ್ದುವು; ಜರ್ಮನಿಯ ಮೌಸರ್ 98ಕೆ ಒಂದು ಕೋಟಿಗೂ ಹೆಚ್ಚು. ಶಾಂತಿ ನೆಲಸಿದೊಡನೆ ಇವೆಲ್ಲ ಸರ್ಕಾರಗಳಿಗೆ ಹೊರೆಯಾದುವು. ಕೆಲವನ್ನು ಕರಗಿಸಿದರು, ಕೆಲವನ್ನು ಮಿತ್ರ ರಾಷ್ಟ್ರಗಳಿಗೆ ಕೊಟ್ಟರು. ಲಕ್ಷಾಂತರ ಬಂದೂಕಗಳು ಅಮೆರಿಕ, ಕೆನಡ ಮುಂತಾದ ದೇಶಗಳ ಪೇಟೆಗಳಲ್ಲಿ ಅಗ್ಗದ ಬೆಲೆಗೆ ಮಾರಾಟವಾದುವು. ಕೊಂಡವರಲ್ಲಿ ಬಹುಮಂದಿ ಅವನ್ನು ಕತ್ತರಿಸಿ, ಕೆತ್ತಿ, ಬೇಟೆಯ ಕೋವಿಗಳನ್ನಾಗಿ ಮಾಡಿಕೊಂಡರು. ಇನ್ನು ಕೆಲವರು, ಅವು ಸೈನ್ಯದಿಂದ ಬಂದ ರೂಪದಲ್ಲಿಯೇ ಇರಬೇಕೆಂದು ಪಟ್ಟು ಹಿಡಿದರು. ಈ ಎರಡು ಪಕ್ಷಗಳ ವಾದ ಇಂದಿಗೂ ತೀರಿಲ್ಲ.

ನಾನು ಬೇಟೆಗಾರನಲ್ಲ, ಇತಿಹಾಸದ ವಿದ್ಯಾರ್ಥಿ. ಆದರೂ ಈ ವಾದ ನನ್ನ ಮನಸ್ಸನ್ನು ಹಿಡಿದಿದೆ. ಹಳೆಯ ವಸ್ತುವನ್ನು ಬಳಸಬೇಕೆ, ಉಳಿಸಬೇಕೆ ಎಂಬ ಪ್ರಶ್ನೆ ಬಂದೂಕಕ್ಕೆ ಮಾತ್ರ ಸೇರಿದ್ದಲ್ಲ. ಆದುದರಿಂದ ಮೊದಲು ವಿಷಯವನ್ನು ವಿವರಿಸಿ, ಅನಂತರ ನನಗೆ ತೋರಿದ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇನೆ. ಅನುಕೂಲಕ್ಕಾಗಿ, ಸೈನ್ಯದ ರೈಫಲನ್ನು 'ಬಂದೂಕ'ವೆಂದೂ ಬೇಟೆಗೆ ಸಿದ್ಧಪಡಿಸಿದುದನ್ನು 'ಕೋವಿ'ಯೆಂದೂ ಇಲ್ಲಿ ಕರೆದಿದ್ದೇನೆ.

ಸೈನ್ಯದ ಬಂದೂಕ ಬೇಟೆಗೆ ಏಕೆ ಒಗ್ಗುತ್ತದೆ? ಅದರ ಬೋಲ್ಟಿನ ರಚನೆಯೇ ಇದಕ್ಕೆ ಕಾರಣ. ಬಾಗಿಲಿನ ಅಗುಳಿಯಂತಿರುವ ಒಂದು ಉಕ್ಕಿನ ದಿಂಡನ್ನು ಹಿಡಿಯಿಂದ ಮೇಲೆತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಬೀಳುತ್ತದೆ. ಮುಂದಕ್ಕೆ ನೂಕಿ ಕೆಳಗೆ ತಿರುವಿದರೆ ಹೊಸ ತೋಟಾ ನಳಿಗೆಯೊಳಗೆ ಸೇರಿ ಬಾಗಿಲು ಭದ್ರವಾಗುತ್ತದೆ. ಜರ್ಮನಿಯ ಪೌಲ್ ಮೌಸರ್ 1898ರಲ್ಲಿ ಪರಿಪೂರ್ಣಗೊಳಿಸಿದ ರಚನೆಯಲ್ಲಿ ಈ ದಿಂಡಿನ ಮುಂಭಾಗದ ಎರಡು ಗಟ್ಟಿ ಮೊಳಕೆಗಳು ಸ್ಫೋಟದ ಒತ್ತಡವನ್ನು ತಡೆಯುತ್ತವೆ; ಅವು ಸೋತರೆ ಇರಲೆಂದು ಹಿಂದೆ ಮೂರನೆಯದೊಂದಿದೆ. ಕೆಸರಿನಲ್ಲಿಯೂ ಚಳಿಯಲ್ಲಿಯೂ ಕೆಡದಂತೆ ಮಾಡಿದ ಈ ಯಂತ್ರ ಕಾಡಿನಲ್ಲಿಯೂ ಕೆಡುವುದಿಲ್ಲ. ಈಗಲೂ ತಯಾರಾಗುತ್ತಿರುವ ಬೇಟೆಯ ಕೋವಿಗಳಲ್ಲಿ ಬಹುಪಾಲು ಮೌಸರನ ವಂಶದವೇ ಎನ್ನಬಹುದು.

ಆದರೆ ಸೈನಿಕನ ಅಗತ್ಯ ಬೇರೆ, ಬೇಟೆಗಾರನ ಅಗತ್ಯ ಬೇರೆ. ಸೈನ್ಯದ ಬಂದೂಕದ ತೂಕ ಸುಮಾರು 4 ಕಿಲೋಗ್ರಾಂ. ಮೊದಲ ಮಹಾಯುದ್ಧದ ಮೌಸರಿನ ನಳಿಗೆ 740 ಮಿಲಿಮೀಟರ್ ಉದ್ದ. ಎಡೆಬಿಡದೆ ಗುಂಡು ಹಾರಿಸಿ ನಳಿಗೆ ಕಾದಾಗ ಕೈ ಸುಡದಿರಲೆಂದು ಅದರ ಮೇಲ್ಭಾಗಕ್ಕೂ ಮರದ ಹೊದಿಕೆ. ತುದಿಯಲ್ಲಿ ಬಾಯೊನೆಟ್ಟು ಸಿಕ್ಕಿಸುವ ಕೊಂಡಿ. ಬೇಟೆಗಾರ ಹೊಡೆಯುವುದು ದಿನಕ್ಕೆ ಒಂದೋ ಎರಡೋ ಗುಂಡು; ನಡೆಯುವುದು ಮೈಲಿಗಟ್ಟಲೆ. ಆದುದರಿಂದ ಅವನು ಮುಂಭಾಗದ ಮರವನ್ನು ಅರ್ಧಕ್ಕೆ ಕತ್ತರಿಸುತ್ತಾನೆ, ಮೇಲಿನ ಹೊದಿಕೆಯನ್ನೂ ಕಟ್ಟುಗಳನ್ನೂ ಕಿತ್ತೆಸೆಯುತ್ತಾನೆ, ನಳಿಗೆಯನ್ನು ಕುಳ್ಳಾಗಿಸುತ್ತಾನೆ. ಮೇಲೆ ದೂರದರ್ಶಕವನ್ನು ಕೂರಿಸಲು ಉಕ್ಕಿನ ಒಡಲಿಗೆ ರಂಧ್ರ ಕೊರೆದು ತಿರುಪು ಹಾಕುತ್ತಾನೆ. ಬೋಲ್ಟಿನ ಹಿಡಿ ದೂರದರ್ಶಕಕ್ಕೆ ತಗಲದಂತೆ ಅದನ್ನು ಕಾಯಿಸಿ ಬಗ್ಗಿಸುತ್ತಾನೆ, ಇಲ್ಲವೆ ಕತ್ತರಿಸಿ ಬೆಸೆಯುತ್ತಾನೆ. ಕೊನೆಗೆ ಉಕ್ಕನ್ನು ಉಜ್ಜಿ ನುಣುಪು ಮಾಡಿ ಹೊಸದಾಗಿ ಕಪ್ಪು ಬಣ್ಣವೇರಿಸುತ್ತಾನೆ. ಈ ಕೊನೆಯ ಉಜ್ಜುವಿಕೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅದರ ಮಾತು ಬರುತ್ತದೆ.

ತೋಟಾದಲ್ಲಿಯೂ ಒಂದು ವಿಚಿತ್ರವಿದೆ. ಸೈನ್ಯದ ಗುಂಡು ಪೂರ್ತಿ ಲೋಹದ ಹೊದಿಕೆಯುಳ್ಳದ್ದು. ತಗಲಿದೊಡನೆ ಅರಳುವ ಗುಂಡುಗಳನ್ನು 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ಡಂ ಡಂ ಕಾರ್ಖಾನೆಯಲ್ಲಿ ಬ್ರಿಟಿಷರು ತಯಾರಿಸಿದರು. ಇಂಥ ಗುಂಡುಗಳು ಅತಿ ಕ್ರೂರವೆಂದು 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿತು. ಬೇಟೆಯಲ್ಲಿ ಇದಕ್ಕೆ ವಿರುದ್ಧ. ಹೊದಿಕೆಯ ಗುಂಡು ಮೃಗದ ಮೈಯನ್ನು ತೂರಿಹೋಗಿ, ಅದು ಗಾಯಗೊಂಡು ಓಡಿ ದಿನಗಟ್ಟಲೆ ನರಳಬಹುದು. ಅರಳುವ ಗುಂಡು ಬೇಗನೆ ಕೊಲ್ಲುತ್ತದೆ. ಆದುದರಿಂದ ಅಮೆರಿಕದ ಎಷ್ಟೋ ಸಂಸ್ಥಾನಗಳಲ್ಲಿ ಜಿಂಕೆಯ ಬೇಟೆಗೆ ಅರಳುವ ಗುಂಡೇ ಕಡ್ಡಾಯ. ಮನುಷ್ಯನ ವಿಷಯದಲ್ಲಿ ಕ್ರೌರ್ಯವೆನಿಸಿದ್ದು ಮೃಗದ ವಿಷಯದಲ್ಲಿ ದಯೆಯೆನಿಸಿತು. ಬಂದೂಕವು ಕೋವಿಯಾಗುವಾಗ ಬದಲಾಗುವುದು ಮರ, ಉಕ್ಕು ಮಾತ್ರವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಮಾರ್ಪಾಡಿನ ಪದ್ಧತಿ ಗಣ್ಯರಿಂದಲೇ ಬೆಳೆಯಿತು. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೊರಟಾಗ, ಸೈನ್ಯದ 1903ರ ಸ್ಪ್ರಿಂಗ್‌ಫೀಲ್ಡ್ ಬಂದೂಕವನ್ನು ತನಗೊಪ್ಪುವಂತೆ ಮಾರ್ಪಡಿಸಿಕೊಂಡು ಒಯ್ದನು. 1923ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಗ್ರಿಫಿನ್ ಅಂಡ್ ಹೋ ಸಂಸ್ಥೆ ಇಂಥ ಸ್ಪ್ರಿಂಗ್‌ಫೀಲ್ಡುಗಳಿಗೆ ಉತ್ತಮ ಆಕ್ರೋಟು ಮರದ ಹಿಡಿ ತೊಡಿಸಿ ಹೆಸರು ಪಡೆಯಿತು. ಎರಡನೆಯ ಮಹಾಯುದ್ಧದ ತರುವಾಯ ಇದು ಸಾಮಾನ್ಯ ಜನರ ಕಸುಬಾಯಿತು. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಸಂಸ್ಥೆ ಲೀ-ಎನ್‌ಫೀಲ್ಡುಗಳನ್ನು ಕೋವಿಗಳನ್ನಾಗಿಸಿ ಮಾರಿತು. ಯುದ್ಧದಿಂದ ಮರಳಿದ ರೈತನಿಗೂ ಕೂಲಿಗೂ ಹೊಸ ಕೋವಿ ಕೊಳ್ಳುವ ಶಕ್ತಿ ಇರಲಿಲ್ಲ. ಮಿಗುತಾಯದ ಬಂದೂಕ ಅದರ ಅಲ್ಪಾಂಶಕ್ಕೆ ದೊರೆಯುತ್ತಿತ್ತು. ಗರಗಸ, ಅರ, ಕೊಟ್ಟಿಗೆಯ ಮೇಜು ಇದ್ದರೆ ಸಾಕು. ಚಳಿಗಾಲಕ್ಕೆ ಮನೆಗೆ ಮಾಂಸ ಒದಗುತ್ತಿತ್ತು. ಇವರನ್ನು ಇತಿಹಾಸದ್ರೋಹಿಗಳೆಂದು ಕರೆಯುವುದು ಹೊಟ್ಟೆ ತುಂಬಿದವರ ಮಾತಾದೀತು.

ಮಾರ್ಪಾಡಿನಲ್ಲಿ ಅಪಾಯವೂ ಉಂಟು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ತಯಾರಾದ 1903ರ ಮಾದರಿಯಲ್ಲಿ 8,00,000ಕ್ಕಿಂತ ಕೆಳಗಿನ ಕ್ರಮಸಂಖ್ಯೆಯವುಗಳನ್ನು ಬಲ್ಲವರು ಮುಟ್ಟುವುದಿಲ್ಲ. ಆ ಕಾಲದ ಕೆಲಸಗಾರರು ಉಕ್ಕಿನ ಕಾವನ್ನು ಬರಿಗಣ್ಣಿನಿಂದ, ಅದರ ಬಣ್ಣ ನೋಡಿ ನಿರ್ಣಯಿಸುತ್ತಿದ್ದರು. ಮೋಡ ಕವಿದ ದಿನದ ಬೆಳಕಿನಲ್ಲಿ ಕಾಣುವ ಬಣ್ಣವೇ ಬೇರೆ, ಬಿಸಿಲಿನ ದಿನ ಕಾಣುವ ಬಣ್ಣವೇ ಬೇರೆ. ಹೀಗೆ ಮಿತಿಮೀರಿ ಕಾದ ಉಕ್ಕು ಪೆಡಸಾಗಿ, 1917ರ ಸುಮಾರಿಗೆ ಕೆಲವು ಬಂದೂಕಗಳು ಸಿಡಿದುವು. ಅನಂತರವೇ ಕಾವನ್ನು ಅಳೆಯುವ ಉಪಕರಣಗಳು ಬಂದುವು. ಇಂಥ ಒಡಲಿಗೆ ಹೊಸ ನಳಿಗೆ ಜೋಡಿಸಿ, ಹೆಚ್ಚು ಬಲದ ತೋಟಾ ತುಂಬಿದರೆ ಪರಿಣಾಮವನ್ನು ಹೇಳಬೇಕಾದುದಿಲ್ಲ.

ಇನ್ನು ಸಂರಕ್ಷಕರ ಪಕ್ಷ. ಅವರ ವಾದದ ತಿರುಳು ಇಷ್ಟೆ: ಸೈನ್ಯದ ಬಂದೂಕ ಒಂದು ದಾಖಲೆ. ಅದರ ಉಕ್ಕಿನ ಮೇಲೆ ಕಾರ್ಖಾನೆಯ ಹೆಸರು, ವರ್ಷ, ಪರೀಕ್ಷಕನ ಮುದ್ರೆ, ಕ್ರಮಸಂಖ್ಯೆ ಇವೆ. ಹಳೆಯ ಲೀ-ಎನ್‌ಫೀಲ್ಡುಗಳ ಹಿಡಿಯಲ್ಲಿ ಪಡೆಯ ಗುರುತು ಕೊರೆಯಲು ಹಿತ್ತಾಳೆಯ ಬಿಲ್ಲೆಯೊಂದು ಇರುತ್ತಿತ್ತು. ಒಂದು ನಿದರ್ಶನ ಕೊಡುತ್ತೇನೆ. ಫಿನ್‌ಲೆಂಡ್ 1917ರಲ್ಲಿ ರಷ್ಯದಿಂದ ಸ್ವತಂತ್ರವಾಯಿತು. ಅಲ್ಲಿ ಉಳಿದಿದ್ದ ರಷ್ಯದ ಮೊಸಿನ್-ನಗಾಂಟ್ ಬಂದೂಕಗಳನ್ನೇ ಫಿನ್ನರು ತಮ್ಮ ಸೈನ್ಯಕ್ಕೆ ಬಳಸಿದರು. ಅವರು 1939ರ ಮಾದರಿಯೆಂದು ಕಟ್ಟಿದ ಬಂದೂಕದ ನಳಿಗೆ, ಮರ ಹೊಸವು. ಉಕ್ಕಿನ ಒಡಲು ಮಾತ್ರ ತ್ಸಾರ್ ದೊರೆಗಳ ಕಾಲದ್ದು. ಕೆಲವುಗಳ ಒಡಲಿನ ಅಡಿಯಲ್ಲಿ 1890ರ ದಶಕದ ವರ್ಷ ಇಂದಿಗೂ ಕಾಣುತ್ತದೆ. ಮೇಲೆ ಚೌಕದೊಳಗೆ ಫಿನ್ನಿಷ್ ಸೈನ್ಯದ ಎರಡಕ್ಷರದ ಮುದ್ರೆ. ರಷ್ಯದ ದೊರೆಗಾಗಿ ಎರಕಗೊಂಡ ಉಕ್ಕು ರಷ್ಯದ ವಿರುದ್ಧವೇ ಹೋರಾಡಿದ ಸಂಗತಿ ಒಂದು ಅಂಗುಲದ ಜಾಗದಲ್ಲಿ ಬರೆದಿದೆ. ಮೇಲೆ ಹೇಳಿದ ಆ ನುಣುಪು ಮಾಡುವ ಅರ ಐದು ನಿಮಿಷದಲ್ಲಿ ಅಳಿಸಿಹಾಕುವುದು ಇದನ್ನೇ.

ಫಿನ್ನರೂ ಹಳೆಯದನ್ನು ಬದಲಿಸಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಬದಲಿಸಿದರು, ಆದರೆ ಮುದ್ರೆಯ ಮೇಲೆ ಮುದ್ರೆ ಸೇರಿಸಿದರು, ಹಿಂದಿನದನ್ನು ಉಜ್ಜಿಹಾಕಲಿಲ್ಲ.

ಕಾಲವೂ ಸಂರಕ್ಷಕರ ಕಡೆಗೆ ವಾಲಿತು. 1963ರಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಗೆ ಬಳಸಿದ್ದು ಅಂಚೆಯಲ್ಲಿ ತರಿಸಿದ್ದ ಇಟಲಿಯ ಮಿಗುತಾಯದ ಕಾರ್ಕಾನೊ ಬಂದೂಕ. ದೂರದರ್ಶಕವೂ ಸೇರಿ ಅದರ ಬೆಲೆ 19 ಡಾಲರು 95 ಸೆಂಟು. 1968ರ ಶಾಸನ ಅಂಚೆಯ ಮಾರಾಟವನ್ನೂ ಹೊರದೇಶದ ಸೈನ್ಯದ ಬಂದೂಕಗಳ ಆಮದನ್ನೂ ತಡೆಯಿತು. 1980ರ ದಶಕದಲ್ಲಿ ಪುರಾತನ ವಸ್ತುಗಳೆಂಬ ಹೆಸರಿನಲ್ಲಿ ಆಮದು ಮತ್ತೆ ತೆರೆಯಿತಾದರೂ ಹಳೆಯ ಅಗ್ಗದ ಕಾಲ ಮರಳಿ ನಿಲ್ಲಲಿಲ್ಲ. ಅತ್ತ ಕಾರ್ಖಾನೆಯ ಹೊಸ ಕೋವಿಗಳು ಸುಲಭ ಬೆಲೆಗೆ ಬಂದುವು. ಇಂದು ಬಂದೂಕವನ್ನು ಕೋವಿ ಮಾಡಿಸಲು ತಗಲುವ ಕೂಲಿಯೇ ಹೊಸ ಕೋವಿಯ ಬೆಲೆಯನ್ನು ಮೀರಬಹುದು. ಪೂರ್ಣರೂಪದಲ್ಲಿರುವ, ಎಲ್ಲ ಭಾಗಗಳಲ್ಲಿಯೂ ಒಂದೇ ಕ್ರಮಸಂಖ್ಯೆಯುಳ್ಳ ಬಂದೂಕಕ್ಕೆ ಕತ್ತರಿಸಿದುದಕ್ಕಿಂತ ಹಲವು ಪಾಲು ಹೆಚ್ಚು ಬೆಲೆ. ಅಂದರೆ ಮಾರ್ಪಾಡನ್ನು ಸಮರ್ಥಿಸುತ್ತಿದ್ದ ಬಡತನದ ಕಾರಣವೇ ಈಗ ಇಲ್ಲವಾಗಿದೆ.

ನಮ್ಮ ದೇಶದಲ್ಲಿ ಈ ವಾದ ಹುಟ್ಟಲಿಲ್ಲ, ಅದಕ್ಕೂ ಕಾರಣವುಂಟು. ಎನ್.ಸಿ.ಸಿ. ಕವಾಯತಿನಲ್ಲಿ .303 ಹೆಗಲಿಗೇರಿಸಿದ ಮಿತ್ರರಿಗೆ ಲೀ-ಎನ್‌ಫೀಲ್ಡಿನ ತೂಕ ಚೆನ್ನಾಗಿ ಗೊತ್ತು. ಸೈನ್ಯದ ತೋಟಾ ಪ್ರಜೆಗಳ ಕೈಗೆ ಸಿಕ್ಕಬಾರದೆಂಬುದು ಬ್ರಿಟಿಷರ ನೀತಿಯಾಗಿತ್ತು; .303 ಇಂದಿಗೂ ಸಾಮಾನ್ಯ ಪರವಾನಗಿಗೆ ಸೇರಿದ್ದಲ್ಲ. ಆದುದರಿಂದ ಕಲ್ಕತ್ತೆಯ ಸಮೀಪದ ಈಶಾಪುರ ಕಾರ್ಖಾನೆಯಲ್ಲಿ ಅದೇ ಬಗೆಯ ಬೋಲ್ಟಿಗೆ .315 ನಳಿಗೆ ಜೋಡಿಸಿ ನಾಗರಿಕರಿಗಾಗಿ ಬೇರೆ ಕೋವಿ ತಯಾರಿಸಿದರು. ಸರ್ಕಾರವೇ ಮಾಡಿದ ಮಾರ್ಪಾಡೂ ಒಂದಿತ್ತು. ಹಳೆಯ .303 ಬಂದೂಕಗಳ ನಳಿಗೆಯನ್ನು .410 ಅಳತೆಗೆ ನುಣುಪಾಗಿ ಕೊರೆದು, ತೋಟಾ ತುಂಬುವ ಪೆಟ್ಟಿಗೆಯ ಜಾಗಕ್ಕೆ ಮರದ ತುಂಡು ಬಿಗಿದು, ಒಂದೊಂದೇ ಗುಂಡು ಹಾರುವಂತೆ ಮಾಡಿ ಪೋಲೀಸರಿಗೂ ಕಾವಲುಗಾರರಿಗೂ ಕೊಟ್ಟರು. ಅಮೆರಿಕದ ರೈತ ಮಾಂಸಕ್ಕಾಗಿ ಬಂದೂಕ ಕತ್ತರಿಸಿದ; ಇಲ್ಲಿಯ ಪ್ರಭುತ್ವ ಅಪನಂಬಿಕೆಯಿಂದ ಕತ್ತರಿಸಿತು. ಆ .410 ಇಂದು ಸ್ವತಃ ಒಂದು ದಾಖಲೆ. ಇನ್ನು ಬೇಟೆಯ ಮಾತು: 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಅನಂತರ ನಮ್ಮಲ್ಲಿ ಹವ್ಯಾಸದ ಬೇಟೆ ಅಪರಾಧವೆನಿಸಿದೆ. ಅದು ಸರಿಯೆಂಬುದೇ ನನ್ನ ಮತ.

ಹಾಗಾದರೆ ಯಾವ ಪಕ್ಷ ನ್ಯಾಯವಾದುದು? ನಮ್ಮ ನಾಡಿನ ಹಳ್ಳಿಗಳಲ್ಲಿ ವೀರಗಲ್ಲುಗಳನ್ನೂ ಶಾಸನದ ಕಲ್ಲುಗಳನ್ನೂ ಬಟ್ಟೆ ಒಗೆಯಲು, ಮೆಟ್ಟಿಲಿಗೆ, ಕಾಲುವೆಯ ಸೇತುವೆಗೆ ಬಳಸಿದ್ದನ್ನು ಎಲ್ಲರೂ ಕಂಡಿದ್ದೇವೆ. ಅಕ್ಷರ ಮೇಲಾಗಿ ಮಲಗಿಸಿದ ಕಲ್ಲನ್ನು ಕಾಲು ಸವೆಸಿತು. ಅಕ್ಷರ ಕೆಳಗಾಗಿ ಮಲಗಿಸಿದ ಕಲ್ಲು ಶತಮಾನಗಳ ಮೇಲೆಯೂ ಓದಲು ಸಿಕ್ಕಿತು. ಎರಡೂ ಬಳಕೆಗೇ ಬಿದ್ದ ಕಲ್ಲುಗಳು. ಹಾನಿ ಮಾಡಿದ್ದು ಬಳಕೆಯಲ್ಲ, ಅಳಿಸುವಿಕೆ. ಬಂದೂಕಕ್ಕೂ ಈ ನ್ಯಾಯ ಸಲ್ಲುತ್ತದೆ. ಕೆನಡದ ಉತ್ತರದ ಹಿಮಪ್ರದೇಶಗಳಲ್ಲಿ ರೇಂಜರ್ ಪಡೆಯವರು ಲೀ-ಎನ್‌ಫೀಲ್ಡನ್ನು 2010ರ ದಶಕದವರೆಗೂ ಹೆಗಲಿಗೆ ಹಾಕಿಕೊಂಡು ತಿರುಗಿದರು. ಕರಡಿಯಿಂದ ಪ್ರಾಣ ಉಳಿಸಿಕೊಳ್ಳಲು ಅದನ್ನು ಕತ್ತರಿಸುವ ಅಗತ್ಯ ಅವರಿಗೆ ಬೀಳಲಿಲ್ಲ.

ಆದುದರಿಂದ ನನ್ನ ನಿರ್ಣಯ ಹೀಗೆ. ಆಗಲೇ ಕತ್ತರಿಸಿದ ಕೋವಿಯನ್ನು ಹಳಿಯಬೇಕಾಗಿಲ್ಲ. ಕಾನೂನು ಒಪ್ಪುವ ಕಡೆ ಅದು ಬಳಕೆಯಲ್ಲಿರಲಿ, ಅದೂ ಒಂದು ಕಾಲದ ಬಡತನದ, ಕೈಚಳಕದ ಗುರುತು. ಮರ ಮಾತ್ರ ಹೋಗಿ ನಳಿಗೆ ಉಳಿದಿದ್ದರೆ ಹಳೆಯ ರೂಪಕ್ಕೆ ತರಬಹುದು. ಹಲವು ಸಂಗ್ರಾಹಕರು ಹಾಗೆ ತಂದಿದ್ದಾರೆ. ಇನ್ನೂ ಪೂರ್ಣವಾಗಿರುವ ಬಂದೂಕಕ್ಕೆ ಮಾತ್ರ ಗರಗಸ ಹಾಕಬಾರದು. ತಿರುಪು ಬಿಚ್ಚಿ ತೆಗೆದ ಭಾಗವನ್ನು ಮತ್ತೆ ತೊಡಿಸಬಹುದು. ಕೊಯ್ದ ನಳಿಗೆಯನ್ನು ಬೆಳೆಸಲಾಗದು, ಉಜ್ಜಿದ ಮುದ್ರೆಯನ್ನು ಓದಲಾಗದು. ಕೋಟಿಗಟ್ಟಲೆ ಇವೆಯಲ್ಲ, ಒಂದು ಹೋದರೇನು ಎಂಬ ಮಾತನ್ನು 1950ರ ದಶಕದಲ್ಲಿಯೂ ಆಡುತ್ತಿದ್ದರು. ಆಗ ರಾಶಿಯಲ್ಲಿ ಬಿದ್ದಿದ್ದ ಎಷ್ಟೋ ಮಾದರಿಗಳನ್ನು ಇಂದು ಪೂರ್ಣರೂಪದಲ್ಲಿ ಕಾಣಲು ಹುಡುಕಬೇಕಾಗಿದೆ.

ಕೊಲ್ಲುವ ಯಂತ್ರಕ್ಕೆ ಇಷ್ಟು ಆದರವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಆದರ ಯಂತ್ರಕ್ಕಲ್ಲ. ಆ ಹಿಡಿಗೆ ಕೆನ್ನೆಯೊತ್ತಿದ ಸಿಪಾಯಿಗಳಲ್ಲಿ ಬಹುಮಂದಿಯ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಮೆಸೊಪೊಟೇಮಿಯದಲ್ಲಿಯೂ ಬರ್ಮದಲ್ಲಿಯೂ ಅದನ್ನು ಹೊತ್ತವರಲ್ಲಿ ನಮ್ಮ ದೇಶದ ಹಳ್ಳಿಗರೂ ಇದ್ದರು. ಅವರು ಬರೆದಿಟ್ಟದ್ದು ಕಡಮೆ. ಅವರ ಕೈ ತಗಲಿ ಸವೆದ ಮರ, ಪಡೆಯ ಸಂಖ್ಯೆ ಹೊತ್ತ ಹಿತ್ತಾಳೆಯ ಬಿಲ್ಲೆ, ಇಷ್ಟಾದರೂ ಮುಂದೆ ಇತಿಹಾಸ ಬರೆಯುವವರಿಗೆ ಉಳಿಯಲಿ.