ಬೆಟ್ಟ ಇಳಿಯುವಾಗ ಕಿವಿ ಕಟ್ಟೋದ್ಯಾಕೆ?

ಬಿಳಿಗಿರಿರಂಗನ ಬೆಟ್ಟದಿಂದ ಯಳಂದೂರಿಗೆ ಬಸ್ಸು ಇಳೀತಿದೆ. ಕಿವಿ ಗಪ್ಪಂತ ಕಟ್ಟಿತಾ? ಮಾದಪ್ಪನ ಬೆಟ್ಟದಿಂದ ಹನೂರು, ಕೊಳ್ಳೇಗಾಲದ ಕಡೆ ಬಂದರೂ ಇದೇ ಕಥೆ.

ಕೆಳಗಿಳಿದಷ್ಟೂ ಗಾಳಿಯ ಒತ್ತಡ ಹೆಚ್ಚುತ್ತೆ, ಕಿವಿ ತಮಟೆಯನ್ನ ಒಳಕ್ಕೆ ತಳ್ಳುತ್ತೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಯುಸ್ಟೇಷಿಯನ್ ನಾಳ ಇದೆ. ಉಗುಳು ನುಂಗಿದರೆ, ಆಕಳಿಸಿದರೆ ಅದು ತೆರೆದು ಒಳಗೂ ಗಾಳಿ ಹೋಗುತ್ತೆ. ಟಪ್! ಕಿವಿ ಬಿಟ್ಟಿತು.

ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಸ್ಕೂಬಾ ಮಾಡೋರಿಗೆ ಇದೇ ಕಾಟ ಇನ್ನೂ ಜೋರು. ಸಮುದ್ರದಲ್ಲಿ ಬರೀ 10 ಮೀಟರ್ ಇಳಿದರೆ ಒತ್ತಡ ದುಪ್ಪಟ್ಟು! ಅದಕ್ಕೇ ನೋವು ಶುರುವಾಗೋ ಮೊದಲೇ, ಇಳೀತಾ ಇಳೀತಾ, ಮೂಗು ಹಿಡಿದು ಮೆಲ್ಲಗೆ ಊದಬೇಕು. ಕಿವಿ ಬಿಡಲಿಲ್ವಾ? ಸ್ವಲ್ಪ ಮೇಲೆ ಬನ್ನಿ. ಜೋರಾಗಿ ಊದಿದರೆ ಕಿವಿಗೇ ಪೆಟ್ಟು.

ನೆಗಡಿ ಇದ್ದರೆ ನಾಳ ಊದಿಕೊಂಡಿರುತ್ತೆ. ಆವತ್ತು ಡೈವ್ ಬೇಡವೇ ಬೇಡ.