ಕೃಷಿಕ್ರೀಡೆಯಲ್ಲಿ ಸಾಟಿವ್ಯಾಪಾರ

ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆಯು 2012ರಲ್ಲಿ ಹೊರತಂದ ‘ಹೇ ಡೇ’ ಎಂಬ ಅಂತರ್ಜಾಲ ಕೃಷಿಕ್ರೀಡೆಯಲ್ಲಿ ಬಿತ್ತಿದ ಗೋಧಿಯು ಎರಡೇ ನಿಮಿಷಗಳಲ್ಲಿ ಕೊಯ್ಲಿಗೆ ಬರುತ್ತದೆ. ಆದರೆ ಅಲ್ಲಿನ ಬಲ್ಲ ಬೇಸಾಯಗಾರನು ಬಿತ್ತುವುದು ಹಲವೊಮ್ಮೆ ಗೋಧಿಗಾಗಿ ಅಲ್ಲ. ಕೊಯ್ಲಿನ ವೇಳೆ ಆಕಸ್ಮಿಕವಾಗಿ ದೊರೆಯುವ ಮೊಳೆ, ತಿರುಪು, ಹಲಗೆಗಳಿಗಾಗಿ. ಕಣಜವನ್ನು ಹಿಗ್ಗಿಸಲು ಈ ಮೂರೂ ಸಮಸಂಖ್ಯೆಯಲ್ಲಿ ಬೇಕು. ಹಿಗ್ಗಿದಷ್ಟೂ ಮುಂದಿನ ಸಲಕ್ಕೆ ಇನ್ನೂ ಹೆಚ್ಚು ಬೇಕು.

ಆಟಗಾರರು ರಸ್ತೆಬದಿಯ ಅಂಗಡಿಯಲ್ಲಿ ಸರಕನ್ನಿಟ್ಟು ಪರಸ್ಪರ ಮಾರಬಹುದಷ್ಟೆ. ಆದರೆ ಪ್ರತಿಯೊಂದರ ಗರಿಷ್ಠ ಬೆಲೆಯನ್ನು ಸಂಸ್ಥೆಯೇ ಗೊತ್ತುಮಾಡಿದೆ. ಎಲ್ಲರೂ ಹಂಬಲಿಸುವ ಮೊಳೆಯ ಬೆಲೆಯೂ ಆ ಮೇರೆಯನ್ನು ಮೀರಲಾರದು. ಅಂದಮೇಲೆ ಅದನ್ನು ನಾಣ್ಯಕ್ಕೆ ಮಾರುವವರಾರು? ಹೀಗೆ ನಾಣ್ಯವಿದ್ದೂ ಅದರ ಕೈ ಸಾಗದೆ, ಮೊಳೆಗೆ ತಿರುಪು, ತಿರುಪಿಗೆ ಹಲಗೆ ಎಂಬ ಸಾಟಿವ್ಯಾಪಾರವು ತಲೆಯೆತ್ತಿತು. ಕೊರತೆಯನ್ನು ವಜ್ರ ತೆತ್ತು ತುಂಬಿಕೊಳ್ಳುವ ದಾರಿಯೂ ಉಂಟು. ಆ ವಜ್ರವನ್ನು ನಿಜವಾದ ಹಣಕ್ಕೆ ಮಾರುವವರು ಸಂಸ್ಥೆಯವರೇ ಎಂಬುದನ್ನು ಮರೆಯಲಾಗದು.

ಈ ವಿನಿಮಯಕ್ಕೆ ಕರಾರುಪತ್ರವಿಲ್ಲ. ಒಬ್ಬನು ಮೊದಲು ಸರಕನ್ನು ಅಂಗಡಿಯಲ್ಲಿಡಬೇಕು. ಮತ್ತೊಬ್ಬನು ಕೊಂಡು, ಬಳಿಕ ತನ್ನದನ್ನು ಇಡಬೇಕು. ಅವನು ಮಾತು ತಪ್ಪಿದರೆ ನ್ಯಾಯ ಹೇಳುವವರಿಲ್ಲ. ನಡುವೆ ಅಂಗಡಿಗೆ ಬಂದ ದಾರಿಹೋಕನು ಕೊಂಡೊಯ್ದರೂ ತಡೆಯುವಂತಿಲ್ಲ. ಆದುದರಿಂದ ಗರಿಷ್ಠ 30 ಮಂದಿಯ ‘ನೆರೆಹೊರೆ’ ಎಂಬ ಕೂಟದೊಳಗಿನ ಪರಿಚಿತರೊಡನೆ ವ್ಯವಹರಿಸುವುದೇ ಕ್ಷೇಮವೆಂದು ಅನುಭವಿಗಳು ಬಗೆಯುತ್ತಾರೆ.